ಸೂಟು ಕಳೆದ ತೂಕ

ನಾನು ವಿಮಾನದ ಕೆಲಸಕ್ಕೆ ಸೇರಿದ್ದು ತಕ್ಕಡಿಯ ದೆಸೆಯಿಂದ. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ನನ್ನ ಸೋದರಮಾವನ ಬೆಲ್ಲದ ಅಂಗಡಿ ಇತ್ತು. ಬಾಗಲಕೋಟೆ ಕಡೆಯಿಂದ ಹದಿನೆಂಟನೆಯ ವಯಸ್ಸಿಗೆ ಬಂದು ಆ ಅಂಗಡಿಯಲ್ಲಿ ಆರು ವರ್ಷ ತೂಕ ಬರೆದಿದ್ದೆ. ತೊಂಬತ್ತರ ದಶಕದ ನಡುವಿನಲ್ಲಿ ಸಾಸವಡದ ಆಚೆ, ಗುಡ್ಡದ ಬುಡದಲ್ಲಿ, ಸಣ್ಣ ವಿಮಾನ ಹಾರಿಸುವುದನ್ನು ಕಲಿಸುವ ಖಾಸಗಿ ಶಾಲೆಯೊಂದು ಶುರುವಾಯಿತು. ಮನುಷ್ಯರನ್ನು ನಿಲ್ಲಿಸಿ ತೂಗುವ ಕಾಟಾ ಅವರಿಗೆ ಬೇಕಿತ್ತು. ನಮ್ಮಲ್ಲಿದ್ದ ಹಳೆಯದೊಂದನ್ನು ಮಾವ ಕೊಟ್ಟರು. ಅದನ್ನು ಟೆಂಪೋದಲ್ಲಿ ಹಾಕಿಕೊಂಡು ಹೋಗಿ, ಇಳಿಸಿ, ಮಟ್ಟ ಮಾಡಿ, ತೂಕದ ಕಲ್ಲಿಟ್ಟು ಸರಿಯಿದೆ ಎಂದು ತೋರಿಸಿದವನು ನಾನು. ತಿಂಗಳೊಳಗೆ ಶಾಲೆಯ ಮ್ಯಾನೇಜರು ನನ್ನನ್ನೇ ಗುಮಾಸ್ತನಾಗಿ ಕರೆಸಿಕೊಂಡರು. ಕಾಟಾದ ಜೊತೆಗೆ ಕಾಟಾದವನೂ ಹೋದ ಎಂದು ಮಾವ ಬಹಳ ದಿನ ಆಡಿಕೊಂಡರು.

ಶಾಲೆ ಎಂದರೆ ಒಂದು ತಗಡಿನ ಶೆಡ್ಡು, ಎರಡು ಕೋಣೆಯ ಆಫೀಸು, ಮೂರು ವಿಮಾನ. ಒಂದು ಟಾರು ಪಟ್ಟಿ ಪೂರ್ವದಿಂದ ಪಶ್ಚಿಮಕ್ಕೆ ಮಲಗಿತ್ತು. ಪೂರ್ವಕ್ಕೆ ಬಯಲು, ಅಂಜೂರದ ತೋಟ, ದೂರದಲ್ಲಿ ಆಷಾಢದ ಪಾಲಖಿ ಮೆರವಣಿಗೆ ಹೋಗುವ ರಸ್ತೆ. ಪಶ್ಚಿಮಕ್ಕೆ ಗುಡ್ಡ. ಅದೇನು ಗೋಡೆಯಂತೆ ಎದ್ದ ಗುಡ್ಡವಲ್ಲ. ಪಟ್ಟಿ ಮುಗಿದಲ್ಲಿಂದ ನೆಲ ಸೀತಾಫಲದ ಗಿಡಗಳ ನಡುವೆ ಮೆಲ್ಲಗೆ ಏರುತ್ತ ಹೋಗಿ, ಕೊನೆಗೆ ಗುಡ್ಡವಾಗುತ್ತಿತ್ತು. ನೋಡಲು ಎಷ್ಟು ಸಾಧುವಾಗಿತ್ತೆಂದರೆ ಅದರಿಂದ ಕೇಡಾದೀತು ಎಂದು ಯಾರೂ ಹೇಳುವಂತಿರಲಿಲ್ಲ.

ಕೇಡಿರುವುದು ಆ ಸಾಧುತನದಲ್ಲೇ ಎಂದು ನನಗೆ ತಿಳಿಸಿಕೊಟ್ಟವರು ಅಲ್ಲಿಯ ಹಿರಿಯ ಪೈಲಟ್. ಐವತ್ತು ದಾಟಿದ ಮರಾಠಿಯವರು. ಪುಣೆಯ ವಿಮಾನ ನಗರ ಬಡಾವಣೆಯಲ್ಲಿ ಮನೆ, ಕಾಲೇಜಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ನಾವೆಲ್ಲ ಅವರನ್ನು ಸರ್ ಎನ್ನುತ್ತಿದ್ದೆವು. ನಮ್ಮ ಮಾತೆಲ್ಲ ಮರಾಠಿಯಲ್ಲೇ ನಡೆಯುತ್ತಿತ್ತು. ವಿದ್ಯಾರ್ಥಿಗಳಿಗೆ ಅವರು ಹೇಳುತ್ತಿದ್ದುದನ್ನು ನಾನು ಕಿಟಕಿಯಲ್ಲಿ ಕುಳಿತು ನೂರು ಸಲ ಕೇಳಿದ್ದೇನೆ. ಎದುರಿಗೆ ನೆಲ ಏರುತ್ತಿದ್ದರೆ ವಿಮಾನ ಏರುತ್ತಿಲ್ಲವೆಂದು ಕಣ್ಣಿಗೆ ಕಾಣುತ್ತದೆ. ಪೈಲಟ್ ಹೆದರಿ ಮೂತಿ ಎತ್ತುತ್ತಾನೆ. ಮೂತಿ ಎತ್ತಿದರೆ ವೇಗ ಹೋಗುತ್ತದೆ. ವೇಗ ಹೋದರೆ ರೆಕ್ಕೆ ಎತ್ತುವುದನ್ನೇ ಬಿಡುತ್ತದೆ. ಆಗ ಹಿಂದಕ್ಕೆ ತಿರುಗಲು ಹೋದವನು ಸತ್ತ ಎಂದೇ ಲೆಕ್ಕ. ಬಿಸಿಲು ಹೆಚ್ಚಾದಷ್ಟೂ ಗಾಳಿ ತೆಳುವಾಗಿ ವಿಮಾನ ಸೋಮಾರಿಯಾಗುತ್ತದೆ. ಗುಡ್ಡದ ಮೇಲಿನಿಂದ ಬರುವ ಗಾಳಿ ಈಚೆ ಬದಿಗೆ ಇಳಿಯುವಾಗ ವಿಮಾನವನ್ನೂ ಕೆಳಕ್ಕೆ ಒತ್ತುತ್ತದೆ. ಇದನ್ನೆಲ್ಲ ಅವರು ಅಡುಗೆ ಹೇಳಿಕೊಡುವವರ ಹಾಗೆ ಶಾಂತವಾಗಿ ಹೇಳುತ್ತಿದ್ದರು. ನಾನು ಸೇರಿದ ಮೊದಲ ಬೇಸಿಗೆಯಲ್ಲಿ ಒಬ್ಬ ವಿದ್ಯಾರ್ಥಿ ಹಾಗೇ ಮೂತಿ ಎತ್ತಿ, ಪಟ್ಟಿಯಾಚೆಯ ಈರುಳ್ಳಿ ಹೊಲದಲ್ಲಿ ಹೊಟ್ಟೆಯ ಮೇಲೆ ಇಳಿದಿದ್ದ. ಅವನಿಗೆ ಏನೂ ಆಗಲಿಲ್ಲ, ಈರುಳ್ಳಿ ಹಾಳಾಯಿತು.

ಅದಾದ ಮೇಲೆ ಸರ್ ಪಟ್ಟಿಯ ನಟ್ಟ ನಡುವೆ, ಪಕ್ಕಕ್ಕೆ, ಒಂದು ಕಲ್ಲು ನೆಡಿಸಿ ಸುಣ್ಣ ಬಳಿಸಿದರು. ಯಾವ ದಿಕ್ಕಿಗೇ ಓಡಲಿ, ಆ ಬಿಳಿ ಕಲ್ಲು ತಲುಪುವುದರೊಳಗೆ ಗಾಲಿ ನೆಲ ಬಿಡದಿದ್ದರೆ ನಿಲ್ಲಿಸಿಬಿಡಬೇಕು. ಬೇಸಿಗೆಯಲ್ಲಿ ಹನ್ನೊಂದರ ಮೇಲೆ ಎಲ್ಲ ಸೀಟು ತುಂಬಿಕೊಂಡು ಹೋಗಬಾರದು. ಹೋಗಲೇಬೇಕಾದರೆ ಪೈಲಟ್ ಬಿಟ್ಟು ಇಷ್ಟೇ ಭಾರ ಎಂದು ಒಂದು ಅಂಕಿಯನ್ನು ಕೆಂಪು ಶಾಯಿಯಲ್ಲಿ ಬರೆದು ನನ್ನ ಮೇಜಿನ ಮೇಲೆ ಅಂಟಿಸಿದ್ದರು.

ಭಾರ ಬರೆಯುವುದು ನನ್ನ ಕೆಲಸ. ಇದರಲ್ಲಿ ನನಗೆ ಸಣ್ಣ ಸೊಕ್ಕೂ ಇತ್ತು. ವಿಮಾನದವರಿಗೆ ಇಂಗ್ಲಿಷು ಬರುತ್ತದೆ, ಟೋಪಿ ಇದೆ, ಕಪ್ಪು ಕನ್ನಡಕ ಇದೆ, ಆದರೆ ತೂಕ ಮಾಡುವುದು ನನ್ನಿಂದ ಕಲಿಯಬೇಕು ಎಂದುಕೊಂಡಿದ್ದೆ. ಮಾರ್ಕೆಟ್ ಯಾರ್ಡಿನಲ್ಲಿ ಕಾಟಾ ತೋರಿಸಿದ್ದನ್ನೇ ಬರೆಯುವವನನ್ನು ಗುಮಾಸ್ತ ಎನ್ನುವುದಿಲ್ಲ, ಹಸುಗೂಸು ಎನ್ನುತ್ತಾರೆ. ಗೋಣಿಚೀಲದ ತೂಕ ಕಳೆಯಬೇಕು, ಡಬ್ಬಿಯಲ್ಲಿ ಬಂದರೆ ಡಬ್ಬಿಯದು ಕಳೆಯಬೇಕು, ಹಸಿ ಇದ್ದರೆ ಹಸಿಗೆ ಇಷ್ಟು, ಧೂಳಿಗೆ ಇಷ್ಟು. ಈ ಕಳೆಯುವುದಕ್ಕೆ ಸೂಟು ಎನ್ನುತ್ತಾರೆ. ಆರು ವರ್ಷ ದಿನಕ್ಕೆ ಮುನ್ನೂರು ಸಲ ಕಳೆದ ಕೈ ನನ್ನದು. ಈಗ ಆ ಕಾಟಾದ ಮೇಲೆ ಮನುಷ್ಯರು ಬಂದು ನಿಂತರು. ಕಾಗದದಲ್ಲಿ 'ಪ್ರಯಾಣಿಕನ ತೂಕ' ಎಂದು ಅಚ್ಚಾಗಿತ್ತು. ಪ್ರಯಾಣಿಕನೆಂದರೆ ಪ್ರಯಾಣಿಕ, ಅವನ ಬೂಟಲ್ಲ, ಕೋಟಲ್ಲ. ನಾನು ಬೂಟು ಬಟ್ಟೆಗೆ ಎರಡು ಕಿಲೋ, ಕೋಟಿದ್ದರೆ ಮೂರು ಕಿಲೋ ಸೂಟು ಕಳೆದು ನಿವ್ವಳ ಬರೆಯುತ್ತ ಬಂದೆ. ಯಾರೂ ನನಗೆ ಹಾಗೆ ಮಾಡು ಎನ್ನಲಿಲ್ಲ, ಮಾಡಬೇಡ ಎಂದೂ ಹೇಳಲಿಲ್ಲ. ಯೋಚಿಸಿ ಮಾಡಿದ್ದರೆ ತಪ್ಪು ಹೊಳೆಯುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ನನ್ನದು ಅಂಗಡಿಯ ಗುಣ.

ನಾಲ್ಕು ವರ್ಷ ಏನೂ ಆಗಲಿಲ್ಲ. ವಿಮಾನದಲ್ಲಿ ಹೆಚ್ಚಾಗಿ ಇಬ್ಬರೇ ಇರುತ್ತಿದ್ದರು, ಶಿಕ್ಷಕ ಮತ್ತು ವಿದ್ಯಾರ್ಥಿ. ನಾಲ್ಕೈದು ಕಿಲೋ ಅತ್ತಿತ್ತ ಆದರೆ ಅದಕ್ಕೆ ಗೊತ್ತೂ ಆಗುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ನೋಡಲು ಬಂದವರನ್ನು ಹತ್ತು ನಿಮಿಷ ಸುತ್ತಿಸಿ ಇಳಿಸುವ ಪದ್ಧತಿ ಇತ್ತು. ಒಂದು ಏಪ್ರಿಲ್‌ನಲ್ಲಿ ಮಾವ ತಾವೂ ಹತ್ತಬೇಕೆಂದರು. ಬೆಳಿಗ್ಗೆ ಎಂಟಕ್ಕೆ ಬನ್ನಿ ಎಂದು ನಾನು ಮೂರು ಸಲ ಹೇಳಿದ್ದೆ. ಬಂದದ್ದು ಎರಡೂವರೆಗೆ. ಮಾವ, ಅತ್ತೆ, ಜೊತೆಗೆ ಯಾರ್ಡಿನ ಹತ್ತಿರ ಹೋಟೆಲ್ ಇಟ್ಟಿದ್ದ ಮಾವನ ಗೆಳೆಯರು, ಉಡುಪಿ ಕಡೆಯವರು. ಖಾಲಿ ಹೊಟ್ಟೆಯಲ್ಲಿ ಆಕಾಶಕ್ಕೆ ಹೋಗುವುದುಂಟೇ ಎಂದು ಆ ಗೆಳೆಯರು ಎಲ್ಲರನ್ನೂ ಕೂರಿಸಿ ಊಟ ಮಾಡಿಸಿದ್ದರು. ಮೂವರೂ ಉಂಡು ಬೆಳೆದ ದೇಹದವರು. ಅಷ್ಟು ಹೊತ್ತಿಗೆ ಗಾಳಿ ತಿರುಗಿ ಪಶ್ಚಿಮದಿಂದ ಬೀಸತೊಡಗಿತ್ತು. ವಿಮಾನ ಗಾಳಿಗೆ ಎದುರಾಗಿಯೇ ಏರಬೇಕಾದ್ದರಿಂದ ಗುಡ್ಡದ ಕಡೆಗೇ ಓಡಬೇಕಿತ್ತು.

ಸರ್ ಇವತ್ತು ಬೇಡ ಎಂದರು. ನಾನು ಗೋಗರೆದೆ. ಮಾವನ ಅನ್ನ ತಿಂದು ಬೆಳೆದವನು, ಅವರ ಮುಂದೆ ನನ್ನ ಮಾತು ಇಲ್ಲಿ ನಡೆಯುತ್ತದೆ ಎಂದು ತೋರಿಸುವ ಆಸೆ. ತೂಗಿ ನೋಡು, ಕೆಂಪು ಅಂಕಿಯೊಳಗೆ ಬಂದರೆ ಹೋಗೋಣ ಎಂದರು ಸರ್. ಮಾವ ತೊಂಬತ್ತನಾಲ್ಕು ತೂಗಿದರು, ಕೋಟು ಬೂಟು ಕಳೆದು ತೊಂಬತ್ತೊಂದು ಬರೆದೆ. ಅತ್ತೆಯವರಿಗೆ ಎರಡು ಕಳೆದೆ, ಗೆಳೆಯರಿಗೆ ಮೂರು. ಉಳಿದದ್ದು ಅತ್ತೆಯ ಚೀಲ. ಊಟ ಕಟ್ಟಿಕೊಂಡು ಬಂದ ಸ್ಟೀಲ್ ಡಬ್ಬಿಗಳು, ನೀರಿನ ತಂಬಿಗೆ. ಚೀಲ ನನ್ನ ಹತ್ತಿರ ಬಿಡಿ ಎಂದೆ. ಕಂಡವರ ನಡುವೆ ಡಬ್ಬಿ ಬಿಟ್ಟರೆ ಮುಚ್ಚಳ ತಿರುಗಿ ಬರುವುದಿಲ್ಲ ಎಂದು ಅವರು ಒಪ್ಪಲಿಲ್ಲ. ಚೀಲ ಒಂಬತ್ತು ಕಿಲೋ ತೂಗಿತು. ಡಬ್ಬಿಗಳಿಗೆ ಆರು ಸೂಟು ಕಳೆದು, ಒಳಗಿನ ರೊಟ್ಟಿ ಪಲ್ಯದ್ದು ಮೂರು ಎಂದು ಬರೆದೆ.

ಒಟ್ಟು ಕೆಂಪು ಅಂಕಿಗಿಂತ ಆರು ಕಿಲೋ ಕಡಿಮೆ ಬಂತು. ಸರ್ ಕಾಗದ ನೋಡಿದರು, ನನ್ನ ಮುಖ ನೋಡಿದರು, ಸಹಿ ಹಾಕಿದರು.

ಶೆಡ್ಡಿನ ನೆರಳಲ್ಲಿ ನಿಂತು ನಾನು ನೋಡಿದೆ. ವಿಮಾನ ಓಡಿತು. ಬಿಳಿ ಕಲ್ಲಿನ ಹತ್ತಿರ ಗಾಲಿ ಎತ್ತುವ ಹಾಗೆ ಮಾಡಿ ಮತ್ತೆ ನೆಲ ಮುಟ್ಟಿತು, ಕಲ್ಲು ದಾಟಿದ ಮೇಲೆ ಬಿಟ್ಟಿತು. ನನ್ನ ಪಕ್ಕದಲ್ಲಿದ್ದ ಮೆಕ್ಯಾನಿಕ್ ಬೀಡಿ ಬಿಸಾಕಿದ. ವಿಮಾನ ಏರುತ್ತಿತ್ತು, ನೆಲವೂ ಏರುತ್ತಿತ್ತು, ಎರಡರ ನಡುವಿನ ಸಂದು ಮಾತ್ರ ಹೆಚ್ಚಾಗಲಿಲ್ಲ. ಸೀತಾಫಲದ ಗಿಡಗಳ ಮೇಲೆ ಅದರ ನೆರಳು ತೀರ ಹತ್ತಿರದಲ್ಲೇ ಓಡುತ್ತಿತ್ತು. ಆಮೇಲೆ ನೆರಳೂ ವಿಮಾನವೂ ಕೂಡಿಕೊಂಡವು. ಸದ್ದು ನಮಗೆ ಸ್ವಲ್ಪ ತಡವಾಗಿ ಕೇಳಿಸಿತು, ತಗಡಿನ ಡಬ್ಬ ಮೆಟ್ಟಿಲಿಂದ ಉರುಳಿದಷ್ಟೇ.

ಸರ್ ತಿರುಗಲಿಲ್ಲ, ಮೂತಿ ಎತ್ತಲಿಲ್ಲ. ಇದ್ದ ವೇಗವನ್ನು ಉಳಿಸಿಕೊಂಡು ಗಿಡಗಳ ಸಾಲಿನ ನಡುವೆ ನೇರವಾಗಿ ಕೂರಿಸಿದ್ದರು. ಅದರಿಂದ ನಾಲ್ವರೂ ಬದುಕಿದರು. ಮಾವನ ತೊಡೆಯ ಮೂಳೆ ಮುರಿದಿತ್ತು, ಅತ್ತೆಯ ಮಣಿಕಟ್ಟು, ಸರ್ ಅವರ ಹಣೆ ಸೀಳಿತ್ತು, ಗೆಳೆಯರ ಬೆನ್ನು ಉಳುಕಿತ್ತು. ನಾವು ಓಡಿ ಹೋದಾಗ ಮಾವನ ಕಾಲು ಸೀಟಿನ ಕೆಳಗೆ ಸಿಕ್ಕಿಕೊಂಡಿತ್ತು. ಪಕ್ಕದಲ್ಲಿ ಅತ್ತೆ ಒಂದೇ ಕೈ ಎತ್ತಿ ಹನುಮಪ್ಪನಿಗೆ ಹರಕೆ ಹೊರುತ್ತಿದ್ದರು, ಇವರನ್ನು ಉಳಿಸಿಕೊಟ್ಟರೆ ಬೆಲ್ಲದಲ್ಲಿ ತೂಗಿಸುತ್ತೇನೆ ಎಂದು.

ತನಿಖೆಗೆ ಇಬ್ಬರು ಅಧಿಕಾರಿಗಳು ಬಂದರು. ಮೊದಲು ನನ್ನನ್ನೇ ಕರೆದರು. ಎಲ್ಲರನ್ನೂ ಕಾಟಾದ ಮೇಲೆ ನಿಲ್ಲಿಸಿದೆಯಾ ಎಂದರು, ನಿಲ್ಲಿಸಿದೆ ಎಂದೆ. ಬರೆದದ್ದು ಸರಿಯಿದೆಯಾ ಎಂದರು. ನನ್ನ ತೂಕ ಈವರೆಗೆ ತಪ್ಪಿಲ್ಲ ಎಂದು ಸಹಿ ಮಾಡಿಕೊಟ್ಟೆ. ಅದನ್ನು ನಂಬಿಯೇ ಹೇಳಿದೆ, ಅದನ್ನು ಇಲ್ಲಿ ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ. ನನ್ನ ಕಾಗದ ಇಟ್ಟುಕೊಂಡು ಅವರು ಸರ್ ಅವರಿಗೆ ಹೇಳಿದರು: ಇಷ್ಟು ಭಾರಕ್ಕೆ ಈ ವಿಮಾನ ಕಲ್ಲಿಗೆ ಮೊದಲೇ ಏಳಬೇಕು, ಗುಡ್ಡದ ಬಲಕ್ಕೆ ಹೊರಳಿ ಹೋಗುವಷ್ಟು ಎತ್ತರ ಸಿಗಬೇಕು. ಏಳಲಿಲ್ಲ ಎಂದರೆ ತಪ್ಪು ಹಾರಿಸಿದವನ ಕೈಯದು. ಅವರ ಲೈಸೆನ್ಸ್ ತಡೆಹಿಡಿದು, ಎರಡನೆಯ ವಿಚಾರಣೆಗೆ ಆರು ವಾರ ಬಿಟ್ಟು ದಿನ ಇಟ್ಟರು. ಅಲ್ಲಿಯೂ ಇದೇ ನಿಂತರೆ ಅವರು ಇನ್ನು ಹಾರಿಸುವಂತಿರಲಿಲ್ಲ. ಅವರಿಗೆ ಬೇರೆ ಯಾವ ಕೆಲಸವೂ ಬರುತ್ತಿರಲಿಲ್ಲ.

ಈ ನಡುವೆ ಒಂದು ದಿನ ಸರ್ ಹಣೆಗೆ ಪಟ್ಟಿ ಕಟ್ಟಿಕೊಂಡು ಆಫೀಸಿಗೆ ಬಂದು ನನ್ನ ಮೇಜಿನ ಮುಂದೆ ನಿಂತರು. ನಿನ್ನ ತೂಕ ಸರಿಯಿತ್ತು ಅಲ್ಲವೇ ಎಂದರು. ಸರಿಯಿತ್ತು ಸರ್ ಎಂದೆ. ಅವರು ತಲೆಯಾಡಿಸಿ ಹೋದರು.

ವಿಚಾರಣೆ ಸೋಮವಾರ. ಅದರ ಹಿಂದಿನ ಶನಿವಾರ ಮಾವನ ತುಲಾಭಾರ. ಯಾರ್ಡಿನ ಹಿಂದೆ ವ್ಯಾಪಾರಸ್ಥರು ಕೂಡಿ ಕಟ್ಟಿಸಿದ ಸಣ್ಣ ಹನುಮಪ್ಪನ ಗುಡಿ ಇದೆ. ಅದರ ಅಂಗಳದಲ್ಲಿ ಅಂಗಡಿಯ ದೊಡ್ಡ ತಕ್ಕಡಿ ತೂಗುಹಾಕಿದ್ದರು. ಒಂದು ಪರಡೆಯಲ್ಲಿ ಮಾವನನ್ನು, ಪ್ಲಾಸ್ಟರ್ ಹಾಕಿದ ಕಾಲನ್ನು ಮುಂದೆ ಚಾಚಿಸಿ, ಕೂರಿಸಿದೆವು. ಇನ್ನೊಂದರಲ್ಲಿ ಬೆಲ್ಲದ ಪೆಂಟಿಗಳನ್ನು, ಆ ದೊಡ್ಡ ಗಟ್ಟಿಗಳನ್ನು, ಇಡುವುದು ನನ್ನ ಪಾಲಿಗೆ ಬಂತು. ಹತ್ತು ಹತ್ತು ಕಿಲೋದ ಎಂಟು ಪೆಂಟಿ ಇಟ್ಟೆ. ಒಂಬತ್ತನೆಯದು ಇಟ್ಟ ಮೇಲೂ ಮಾವನ ಪರಡೆ ಏಳಲಿಲ್ಲ. ಹತ್ತನೆಯದನ್ನು ಒಡೆದು ಚೂರು ಇಡುತ್ತ ಹೋದೆ. ಮುಳ್ಳು ನಡುವಿಗೆ ಬಂದು ನಿಂತಿತು. ತಕ್ಷಣ ನನ್ನ ಕೈ, ಅದರಷ್ಟಕ್ಕೆ ಅದೇ, ಎರಡು ಕಿಲೋದಷ್ಟು ಚೂರುಗಳನ್ನು ವಾಪಸ್ ತೆಗೆಯಿತು. ಪ್ಲಾಸ್ಟರಿಗೆ ಸೂಟು. ಮಾವನ ಪರಡೆ ಧಡ್ ಎಂದು ಕೆಳಗಿಳಿಯಿತು. ಮುರಿದ ಕಾಲು ನೆಲಕ್ಕೆ ತಗುಲಿ ಅವರು ನರಳಿದರು.

ಯಾಕ ತೆಗದಿ ಎಂದು ಅತ್ತೆ ಕೇಳಿದರು. ಪ್ಲಾಸ್ಟರಿನ ತೂಕ ಮಾವನದಲ್ಲವಲ್ಲ ಎಂದೆ.

“ತಮ್ಮಾ, ಕಳೀಬ್ಯಾಡ. ತಕ್ಕಡಿ ಎಷ್ಟು ಹೊತ್ತದ, ಅಷ್ಟೂ ದೇವರದು.”

ಕೈಯಲ್ಲಿ ಬೆಲ್ಲ ಹಿಡಿದುಕೊಂಡು ನಾನು ಹಾಗೇ ನಿಂತುಬಿಟ್ಟೆ. ತಕ್ಕಡಿಗೆ ಪ್ಲಾಸ್ಟರ್ ಯಾವುದು, ಕಾಲು ಯಾವುದು ಗೊತ್ತಿಲ್ಲ. ವಿಮಾನಕ್ಕೂ ಗೊತ್ತಿಲ್ಲ. ಅದು ಬೂಟು ಹೊತ್ತಿತ್ತು, ಕೋಟು ಹೊತ್ತಿತ್ತು, ಅತ್ತೆಯ ಆರು ಕಿಲೋ ಡಬ್ಬಿಯನ್ನೂ ಹೊತ್ತಿತ್ತು. ಮೂರು, ಎರಡು, ಮೂರು, ಆರು. ಹದಿನಾಲ್ಕು. ಆರು ಕಿಲೋ ಕಡಿಮೆ ಎಂದು ಬರೆದು, ಎಂಟು ಕಿಲೋ ಹೆಚ್ಚು ಮಾಡಿ ನಾನು ಅವರನ್ನು ಗುಡ್ಡದ ಕಡೆ ಕಳಿಸಿದ್ದೆ. ಸುತ್ತಲಿನವರು ಪಾಯಸದ ಮಾತಾಡುತ್ತಿದ್ದರು.

ಪ್ರಸಾದವಾದ ಮೇಲೆ ಮಾವನ ಪಕ್ಕದಲ್ಲಿ ಕುಳಿತು ಎಲ್ಲ ಹೇಳಿದೆ. ಅವರು ವ್ಯಾಪಾರಿ, ಒಂದೇ ಸಲಕ್ಕೆ ತಿಳಿಯಿತು. ಮುರಿದ ಕಾಲನ್ನು ಕೈಯಿಂದ ಸರಿಸಿ ಇಟ್ಟುಕೊಂಡರು.

“ಸುಮ್ನ ಇರು. ಯಾರೂ ಸತ್ತಿಲ್ಲ. ಬಾಯಿ ಬಿಟ್ಟಿ ಅಂದ್ರ ನಿನ್ನ ನೌಕರಿ ಹೋಗತದ, ಮ್ಯಾಲ ಪೊಲೀಸ್ರು ಬರ್ತಾರ.”

“ಸರ್ ಅವರ ನೌಕರಿ ಹೋಗತದಲ್ರಿ, ಮಾಮಾ.”

ಅವರು ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ ಎಂದರು. ನನ್ನ ಮೇಲಿನ ಪ್ರೀತಿಯಿಂದಲೇ ಅಂದದ್ದು. ಆದರೆ ನನ್ನ ಭಾರವನ್ನೂ ಸರ್ ಅವರೇ ಹೊರುತ್ತಿದ್ದರು.

ಭಾನುವಾರ ಬೆಳಿಗ್ಗೆ ವಿಮಾನ ನಗರಕ್ಕೆ ಹೋದೆ. ಸರ್ ಬಾಲ್ಕನಿಯಲ್ಲಿ ಕುಳಿತಿದ್ದರು. ತಲೆಯ ಮೇಲೆ ದೊಡ್ಡ ವಿಮಾನವೊಂದು ಇಳಿಯುತ್ತಿತ್ತು, ಅದರ ಸದ್ದು ಮುಗಿಯುವವರೆಗೆ ಕಾಯಬೇಕಾಯಿತು. ಆಮೇಲೆ ನಿಂತುಕೊಂಡೇ ಹೇಳಿದೆ. ಬೂಟು, ಕೋಟು, ಚೀಲ. ಅವರು ಒಂದೇ ಪ್ರಶ್ನೆ ಕೇಳಿದರು, ಡಬ್ಬಿಯನ್ನೂ ಕಳೆದೆಯಾ ಎಂದು. ಕಳೆದೆ ಎಂದೆ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಅವರು ತಮ್ಮ ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡಿದರು.

“ಆರು ವಾರದಿಂದ ಈ ಕೈಯನ್ನೇ ಕೇಳುತ್ತಿದ್ದೇನೆ,” ಎಂದರು ಮರಾಠಿಯಲ್ಲಿ, “ನೀನೇನು ತಪ್ಪು ಮಾಡಿದೆ ಅಂತ.”

ಅವರ ಹೆಂಡತಿ ಚಹಾ ತಂದಿಟ್ಟರು. ಕುಡಿ ಎಂದು ಸರ್ ಹೇಳಲಿಲ್ಲ, ನಾನೂ ಮುಟ್ಟಲಿಲ್ಲ.

ಸೋಮವಾರ ಅಧಿಕಾರಿಗಳ ಮುಂದೆ ಹೊಸ ಹೇಳಿಕೆ ಕೊಟ್ಟೆ. ಅವರಿಗೆ ಸೂಟು ಎಂದರೇನೆಂದು ತಿಳಿಸುವುದರಲ್ಲೇ ಅರ್ಧ ಗಂಟೆ ಹೋಯಿತು. ಪೈಲಟ್ ಹೀಗೆ ಹೇಳೆಂದು ಕಳಿಸಿದ್ದಾರೆಯೇ ಎಂದೂ ಕೇಳಿದರು. ಕಾಟಾ ತರಿಸಿ, ಅವರದೇ ಬ್ರೀಫ್‌ಕೇಸ್ ಅದರ ಮೇಲಿಟ್ಟು ಎಷ್ಟು ಬರೆಯುತ್ತೀಯ ಎಂದರು. ಕಾಟಾ ನಾಲ್ಕು ಕಿಲೋ ತೋರಿಸುತ್ತಿತ್ತು; ಆಗಿನ ನನ್ನ ಲೆಕ್ಕದಲ್ಲಿ ಒಳಗಿನ ಕಾಗದದ್ದು ಒಂದೂವರೆ ಕಿಲೋ ಎಂದೆ. ಆಮೇಲೆ ಅವರು ಅನುಮಾನಿಸಲಿಲ್ಲ.

ಹದಿನಾಲ್ಕು ಕಿಲೋ ಭಾರವೊಂದೇ ವಿಮಾನವನ್ನು ಬೀಳಿಸಲಿಲ್ಲ ಎಂದು ವರದಿಯಲ್ಲಿ ಬಂತು. ಬಿಸಿಲು, ಗುಡ್ಡದಿಂದ ಇಳಿದ ಗಾಳಿ, ಏರುವ ನೆಲ, ಮೇಲೆ ಭಾರ. ಕಲ್ಲಿನ ಹತ್ತಿರ ನಿಲ್ಲಿಸದಿದ್ದುದು ಪೈಲಟ್ ತಪ್ಪು ಎಂದೂ ಬರೆದಿದ್ದರು. ಸರ್ ಅದನ್ನು ಅಲ್ಲಗಳೆಯಲಿಲ್ಲ. ಕಾಗದದ ಲೆಕ್ಕ ಹಗುರವಾಗಿತ್ತು, ಅದನ್ನು ನಂಬಿ ಇನ್ನೊಂದು ಗಳಿಗೆ ಕಾದೆ ಎಂದು ಒಪ್ಪಿಕೊಂಡರು. ಅವರನ್ನು ಕೆಲವು ತಿಂಗಳು ದೂರವಿಟ್ಟು, ಪರೀಕ್ಷೆ ಮಾಡಿ, ಲೈಸೆನ್ಸ್ ಹಿಂದಿರುಗಿಸಿದರು. ನನ್ನನ್ನು ಶಾಲೆಯವರು ಹೇಳಿಕೆ ಕೊಟ್ಟ ವಾರವೇ ಕೆಲಸದಿಂದ ಬಿಡಿಸಿದರು. ಮಾಡಿದ್ದುಣ್ಣೋ ಮಹಾರಾಯ. ಮತ್ತೆ ಮಾವನ ಅಂಗಡಿಗೇ ಬಂದೆ. ಕಾಟಾದ ಮುಂದೆ ಕೂರಲಾರೆ ಎಂದಾಗ ಮಾವ ಏನೂ ಕೇಳದೆ ಲಾರಿ ತುಂಬಿಸುವ ಉಸ್ತುವಾರಿಗೆ ಹಾಕಿದರು. ಊರುಗೋಲು ಹಿಡಿದು ಓಡಾಡುತ್ತ, ನಮ್ಮ ಹುಡುಗನಿಗೆ ವಿಮಾನ ಬಡಿದಿದೆ ಎಂದು ಗಿರಾಕಿಗಳಿಗೆ ಹೇಳುತ್ತಿದ್ದರು.

ಮರುವರ್ಷ ಡಿಸೆಂಬರಿನ ಒಂದು ಬೆಳಿಗ್ಗೆ ಸರ್ ಅಂಗಡಿಗೆ ಬಂದರು. ಬೆಲ್ಲ ಬೇಕು ಎಂದರು. ನಾನು ಕಟ್ಟಿ ಕೊಟ್ಟೆ. ಹೊರಡುವಾಗ, ನೀನು ಅಲ್ಲಿ ನಾಲ್ಕು ವರ್ಷ ಇದ್ದೆ, ಒಂದು ದಿನವೂ ಹತ್ತಲಿಲ್ಲ ಅಲ್ಲವೇ ಎಂದರು. ಇಲ್ಲ ಎಂದೆ. ಭಾನುವಾರ ಎಂಟರೊಳಗೆ ಬಾ ಎಂದು ಹೋದರು. ಅತ್ತೆಗೆ ಹೇಳಿದೆ. ಅವರು ಸರ್ ಅವರಿಗೆಂದು ಹೋಳಿಗೆ ಮಾಡಿ ಡಬ್ಬಿಯಲ್ಲಿ ಹಾಕಿಕೊಟ್ಟರು. ಡಬ್ಬಿ ತಪ್ಪದೆ ವಾಪಸ್ ತಾ ಎಂದರು.

ಅದೇ ಶೆಡ್ಡು, ಅದೇ ಕಾಟಾ. ಮೇಜಿನ ಮುಂದೆ ಬೇರೆ ಗುಮಾಸ್ತನಿದ್ದ. ಸರ್ ಅವನನ್ನು ಏಳಿಸಿ ತಾವೇ ಪೆನ್ನು ಹಿಡಿದು ಕುಳಿತರು. ನಾನು ಚಪ್ಪಲಿ ಬಿಟ್ಟು ಕಾಟಾ ಹತ್ತಹೋದೆ. ಹಾಕಿಕೊಂಡು ಹತ್ತು ಎಂದರು. ಡಬ್ಬಿ ಕೈಯಲ್ಲೇ ಇತ್ತು, ಅದನ್ನೂ ಹಿಡಿದುಕೊಂಡು ನಿಂತೆ. ಮುಳ್ಳು ನಿಂತ ಮೇಲೆ ಅವರು ನನ್ನ ಕಡೆ ನೋಡಿದರು.

“ಎಷ್ಟು ಬರೆಯಲಿ?”

“ಹೊತ್ತಷ್ಟೂ, ಸರ್.”

ಅವರು ಎಪ್ಪತ್ತೊಂದು ಎಂದು ಬರೆದು ಕಾಗದವನ್ನು ನನ್ನ ಕಡೆ ತಿರುಗಿಸಿ ತೋರಿಸಿದರು, ಆಮೇಲೆ ಸಹಿ ಹಾಕಿದರು. ಗಾಳಿ ಇರಲಿಲ್ಲ. ಗುಡ್ಡಕ್ಕೆ ಬೆನ್ನು ಮಾಡಿ ಪೂರ್ವಕ್ಕೆ ಓಡಿದೆವು. ನನಗೆ ಭಯವಾಗಿತ್ತು, ಡಬ್ಬಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕುಳಿತಿದ್ದೆ. ನಾಲ್ಕು ವರ್ಷ ಕಿಟಕಿಯಿಂದ ನೋಡಿದ ಬಿಳಿ ಕಲ್ಲು ಬದಿಯಲ್ಲಿ, ಕೆಳಗೆ, ಸರಿದುಹೋಯಿತು. ನನಗೆ ಅಳು ಬಂತು, ಇಂಜಿನ್ನಿನ ಸದ್ದಿನಲ್ಲಿ ಕೇಳಿಸಿರಲಾರದು.

ಸರ್ ಮುಂದೆ ನೋಡುತ್ತಲೇ, ಕಲ್ಲು ನೋಡಿದೆಯಾ ಎಂದು ಕೇಳಿದರು.

ನೋಡಿದೆ ಸರ್, ಗಾಲಿ ಮೊದಲೇ ನೆಲ ಬಿಟ್ಟಿತ್ತು ಎಂದೆ.